ಡಾಕ್ಟರ್ ತಡೆದ ಕುದುರೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಪೊನ್ನಂಪೇಟೆಯಿಂದ ಬರೆಯುತ್ತಿದ್ದೇನೆ. ದೂರದ ಕುದುರೆ ಸವಾರಿ, ಅಂದರೆ ಎಂಡ್ಯೂರೆನ್ಸ್ ಸ್ಪರ್ಧೆಗಳಿಗೆ ಸ್ವಯಂಸೇವಕರಾಗಿ ಹೋಗಲು ನಮ್ಮ ಕಡೆಯ ಕೆಲವು ಹುಡುಗ ಹುಡುಗಿಯರು ತಯಾರಾಗಿದ್ದಾರೆ. ಅವರಿಗಾಗಿ ಕನ್ನಡದಲ್ಲಿ ಸೂಚನೆ ಬರೆಯುತ್ತಾ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ದೂರ 40, 80, 120, ಕೆಲವು ಕಡೆ 160 ಕಿಲೋಮೀಟರ್ ಇರುತ್ತದೆ. ದಾರಿಯನ್ನು ಸುತ್ತುಗಳಾಗಿ ಹಂಚಿರುತ್ತಾರೆ. ಒಂದೊಂದು ಸುತ್ತು ಮುಗಿದಾಗಲೂ ಕುದುರೆ ಪಶುವೈದ್ಯರ ಮುಂದೆ ನಿಲ್ಲಬೇಕು. ಗೊತ್ತುಮಾಡಿದ ಹೊತ್ತಿನೊಳಗೆ ಎದೆಬಡಿತ ಇಳಿಯಬೇಕು. ಅಂತಾರಾಷ್ಟ್ರೀಯ ನಿಯಮದಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 64. ವೈದ್ಯರು ಒಸಡನ್ನು ಹೆಬ್ಬೆರಳಿಂದ ಒತ್ತಿ ಬಿಟ್ಟು, ಬಿಳಿಚಿದ ಜಾಗ ಎಷ್ಟು ಬೇಗ ಕೆಂಪಾಗುತ್ತದೆ ಅಂತ ನೋಡುತ್ತಾರೆ. ಚರ್ಮ ಚಿವುಟಿ ನೋಡುತ್ತಾರೆ. ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳುತ್ತಾರೆ. ಆಮೇಲೆ ಕುದುರೆಯನ್ನು ಕೈಯಲ್ಲಿ ಹಿಡಿದು ಓಡಿಸಿ ತೋರಿಸಬೇಕು. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ. ವೈದ್ಯರು ಹೇಳಿದ್ದನ್ನೆಲ್ಲ ಪಕ್ಕದಲ್ಲಿ ನಿಂತು ಕಾರ್ಡಿಗೆ ಬರೆಯುವುದು ಸ್ವಯಂಸೇವಕರ ಕೆಲಸ.

ಈ ಜಾಗಕ್ಕೆ 'ತಪಾಸಣಾ ಗೇಟ್' ಅಂದರೆ ಕೊಡಗಿನವರಿಗೆ ಕುಟ್ಟ, ಮಾಕುಟ್ಟದ ಚೆಕ್‌ಪೋಸ್ಟೇ ನೆನಪಾಗುತ್ತದೆ. ಹಾಗಾಗಿ 'ಡಾಕ್ಟರ್ ಗೇಟ್' ಅಂತ ಬರೆದಿದ್ದೇನೆ. ಅದು ಸಾಕು.

ಕಷ್ಟ ಇರುವುದು ಇಲ್ಲಿ. ಇನ್ನು ಮುಂದೆ ಓಡುವುದು ಬೇಡ ಅಂತ ವೈದ್ಯರು ತಡೆದ ಕುದುರೆಗೆ ಏನನ್ನಬೇಕು? 'ಅನರ್ಹ' ಅಂದರೆ ಏನೋ ತಪ್ಪು ಮಾಡಿದ ಹಾಗೆ ಕೇಳಿಸುತ್ತದೆ. 'ನಿವೃತ್ತ' ಅಂದರೆ ಇನ್ನು ಓಡುವುದೇ ಇಲ್ಲ ಅಂತಾಯಿತು. ಆದರೆ ಅದು ಚೇತರಿಸಿಕೊಂಡು ಮುಂದಿನ ಸಲ ಮತ್ತೆ ಬರಬಹುದಾದ ಕುದುರೆ. 'ಔಟ್' ಎಲ್ಲರಿಗೂ ಅರ್ಥವಾಗುತ್ತದೆ ನಿಜ. ಆದರೆ ಔಟ್ ಆದವರ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಅಲ್ವಾ? ಇಲ್ಲಿ ತಡೆದ ಕುದುರೆಗೇ ಜಾಸ್ತಿ ಆರೈಕೆ ಬೇಕು. ನೀರು, ನೆರಳು, ಕೆಲವೊಮ್ಮೆ ಡ್ರಿಪ್. ಇಷ್ಟು ದೂರ ಬಂದು ನಿಂತುಹೋದ ಸವಾರರಿಗೂ ಆ ಪದ ಚುಚ್ಚಬಾರದು.

'ಜೀನು ಇಳಿಸಿದ ಕುದುರೆ' ಅಂತ ನಮ್ಮ ಅಕ್ಕ ಸೂಚಿಸಿದರು. ಕಿವಿಗೆ ತುಂಬ ಹಿತ. ಆದರೆ ಸುತ್ತುಗಳ ನಡುವೆ ತಣ್ಣೀರು ಹುಯ್ಯಲು ಹೇಗೂ ಜೀನು ಇಳಿಸುತ್ತಾರೆ, ಗೊಂದಲವಾಗುತ್ತದೆ. ಸದ್ಯಕ್ಕೆ 'ತಡೆದ ಕುದುರೆ' ಅಂತ ಇಟ್ಟಿದ್ದೇನೆ. ಸವಾರರು ತಾವಾಗಿ ನಿಲ್ಲಿಸಿದರೆ ಅದಕ್ಕೆ ಬೇರೆ ಪದವೂ ಬೇಕು.

ಮೈಸೂರಿನ ಟಾಂಗಾದವರು ದಣಿದ ಕುದುರೆಯನ್ನು ಗಾಡಿಯಿಂದ ಬಿಡಿಸುವುದಕ್ಕೆ ಏನನ್ನುತ್ತಾರೆ? ಉತ್ತರ ಕರ್ನಾಟಕದಲ್ಲಿ ಎತ್ತುಗಳನ್ನು ನೊಗದಿಂದ ಬಿಡಿಸುವುದಕ್ಕೆ 'ಕೊಳ್ಳ ಹರಿ' ಅನ್ನುತ್ತಾರಲ್ಲ, ಅದನ್ನು ಕುದುರೆಗೂ ಹೇಳುವುದುಂಟಾ? ಬಳಸಿ ಗೊತ್ತಿರುವವರು ದಯವಿಟ್ಟು ಬರೆಯಿರಿ.