ನೋಕಿಯಾ ಎನ್900ರಲ್ಲಿ ಈಗಿನ ಲಿನಕ್ಸ್ ಹಾಕಿ ಕನ್ನಡ ಬರೆಯಬಹುದೇ?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಅಣ್ಣನ ಮೇಜಿನ ಖಾನೆಯಲ್ಲಿ ಬಹಳ ಕಾಲದಿಂದ ಬಿದ್ದಿದ್ದ ನೋಕಿಯಾ ಎನ್900 ಈಗ ನನ್ನ ಕೈಸೇರಿದೆ. ಹೊಸ ಬ್ಯಾಟರಿ ಹಾಕಿದ ಮೇಲೆ ಅದು ತನ್ನ ಮೂಲದ ಮೇಮೊ 5 ವ್ಯವಸ್ಥೆಯೊಂದಿಗೆ ಸರಿಯಾಗಿಯೇ ಏಳುತ್ತಿದೆ. ಜಾರಿಸಿ ತೆರೆಯುವ ಕೀಲಿಮಣೆಯ ಒಂದು ಗುಂಡಿಯೂ ಕೆಟ್ಟಿಲ್ಲ. ವಾರಕ್ಕೊಮ್ಮೆ ಶಿವಮೊಗ್ಗದಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ನನಗೆ ಇದನ್ನು ಫೋನಾಗಿ ಬಳಸುವ ಆಸೆಯಿಲ್ಲ. ಇಂದಿಗೂ ಪರಿಷ್ಕರಣೆಗಳು ಬರುತ್ತಿರುವ ಯಾವುದಾದರೂ ಲಿನಕ್ಸ್ ಹಾಕಿಕೊಂಡು, ಕನ್ನಡದಲ್ಲಿ ಟಿಪ್ಪಣಿ ಬರೆದು, ಊರು ಸೇರಿದ ಮೇಲೆ ಎಸ್‌ಎಸ್‌ಎಚ್ (ದೂರದ ಗಣಕಕ್ಕೆ ಸುರಕ್ಷಿತವಾಗಿ ಸಂಪರ್ಕಿಸುವ ವಿಧಾನ) ಮೂಲಕ ಮನೆಯ ಗಣಕಕ್ಕೆ ರವಾನಿಸಿದರೆ ಸಾಕು. 256 ಎಂಬಿ ರ‍್ಯಾಮ್ ಇದಕ್ಕೆ ಸಾಲುತ್ತದೆಯೇ? ಮೂಲ ವ್ಯವಸ್ಥೆಯನ್ನು ಅಳಿಸದೆ ಪ್ರಯೋಗ ಮಾಡಲು ದಾರಿಯಿದೆಯೇ? ಇಷ್ಟು ಚಿಕ್ಕ ಕೀಲಿಮಣೆಗೆ ಕನ್ನಡದ ಯಾವ ವಿನ್ಯಾಸ ಒಗ್ಗುತ್ತದೆ?

ಬೂಟ್‌ಪುರಾಣ:

ಮೇಮೊ 5 ಕೂಡ ಲಿನಕ್ಸೇ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಮೂಲದ್ದು. ಆದರೆ ಅದರ ತಿರುಳಾದ ಕರ್ನಲ್ ಹಳೆಯ 2.6.28 ಆವೃತ್ತಿಯಲ್ಲೇ ನಿಂತಿದೆ, ಅದರೊಳಗಿನ ಗೂಢಲಿಪಿ ಲೈಬ್ರರಿಗಳೂ ಆ ಕಾಲದವೇ ಆದ್ದರಿಂದ ಇಂದಿನ ಸರ್ವರ್‌ಗಳೊಂದಿಗೆ ಅವು ಹೊಂದಿಕೊಳ್ಳುವುದು ಕಷ್ಟ. ನಿಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ಆಲ್ಪೈನ್ ಎಂಬ ಹಗುರ ಲಿನಕ್ಸ್ ಆಧಾರಿತ ಪೋಸ್ಟ್‌ಮಾರ್ಕೆಟ್‌ಓಎಸ್. ಇನ್ನೊಂದು, ಮೇಮೊದ ಹಳೆಯ ಹಿಲ್ಡನ್ ಮುಖವನ್ನೇ (ಪರದೆಯ ವಿನ್ಯಾಸ) ದೇವುವಾನ್ ಎಂಬ ಲಿನಕ್ಸ್ ಮೇಲೆ ಕೂರಿಸಿರುವ ಮೇಮೊ ಲೆಸ್ಟೆ. ಬರವಣಿಗೆಯೊಂದೇ ಉದ್ದೇಶವಾದರೆ ಮೊದಲನೆಯದನ್ನು ಐ3 ವಿಂಡೋ ಮ್ಯಾನೇಜರ್ (ಪರದೆಯ ಕಿಟಕಿಗಳನ್ನು ಜೋಡಿಸುವ ಹಗುರ ತಂತ್ರಾಂಶ) ಜೊತೆಗೆ ಹಾಕುವುದು ನನ್ನ ದೃಷ್ಟಿಯಲ್ಲಿ ಸೂಕ್ತ. 256 ಎಂಬಿಯಲ್ಲಿ ಎಡಿಟರ್, ಟರ್ಮಿನಲ್, ಎಸ್‌ಎಸ್‌ಎಚ್ ಹಾಯಾಗಿ ನಡೆಯುತ್ತವೆ. ಇಂದಿನ ಬ್ರೌಸರಿನ ಆಸೆಯನ್ನು ಮಾತ್ರ ಬಿಟ್ಟುಬಿಡಿ.

ಒಳಗಿನ 32 ಜಿಬಿ ಸಂಗ್ರಹವನ್ನು ಮುಟ್ಟುವ ಅಗತ್ಯವೇ ಇಲ್ಲ. ಹೊಸ ವ್ಯವಸ್ಥೆಯನ್ನು ಮೈಕ್ರೊ ಎಸ್‌ಡಿ ಕಾರ್ಡಿಗೆ ಬರೆದು, ವ್ಯವಸ್ಥೆಯನ್ನು ಎಬ್ಬಿಸುವ ಪುಟ್ಟ ತಂತ್ರಾಂಶವಾದ ಯು-ಬೂಟ್ ಅನ್ನು ಯುಎಸ್‌ಬಿ ಮೂಲಕ ನೇರವಾಗಿ ರ‍್ಯಾಮಿಗೆ ಕಳಿಸಿ ಅಲ್ಲಿಂದಲೇ ಬೂಟ್ ಮಾಡಬಹುದು. ಹೀಗೆ ಮಾಡಿದಾಗ ಫ್ಲ್ಯಾಶಿನಲ್ಲಿ ಏನೂ ಬದಲಾಗುವುದಿಲ್ಲವಾದ್ದರಿಂದ, ಆರಿಸಿ ಹಚ್ಚಿದರೆ ನಿಮ್ಮ ಅಣ್ಣನ ಮೇಮೊ ಎಂದಿನಂತೆ ಏಳುತ್ತದೆ. ಎಲ್ಲವೂ ಸರಿಬಂದ ಮೇಲೆ ಯು-ಬೂಟನ್ನು ಶಾಶ್ವತವಾಗಿ ಹಾಕಿಕೊಳ್ಳುವ ಬಗ್ಗೆ ಯೋಚಿಸಿ. ಅನೇಕರು ಎಡವುವ ಜಾಗವೊಂದಿದೆ: ಹಿಂಬದಿಯ ಮುಚ್ಚಳ ಕೂತಿದೆಯೇ ಇಲ್ಲವೇ ಎಂಬುದನ್ನು ಈ ಸಾಧನವು ಮುಚ್ಚಳದೊಳಗಿನ ಪುಟ್ಟ ಆಯಸ್ಕಾಂತದಿಂದ ತಿಳಿಯುತ್ತದೆ, ಮುಚ್ಚಳ ತೆಗೆದಿದ್ದರೆ ಕಾರ್ಡೇ ಇಲ್ಲವೆಂಬಂತೆ ವರ್ತಿಸುತ್ತದೆ. ಯುಎಸ್‌ಬಿ ಕಿಂಡಿಯನ್ನೂ ಮೃದುವಾಗಿ ನಡೆಸಿಕೊಳ್ಳಿ. ಅದರ ಬೆಸುಗೆ ಗಟ್ಟಿಯಾದುದಲ್ಲ.

ಒತ್ತಕ್ಷರ:

ಕನ್ನಡದ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಇನ್‌ಸ್ಕ್ರಿಪ್ಟ್ ಎಂಬ ಭಾರತೀಯ ಭಾಷೆಗಳ ಸಾಮಾನ್ಯ ಕೀಲಿ ವಿನ್ಯಾಸ ಈ ಯಂತ್ರಕ್ಕೆ ಹೇಳಿಸಿದ್ದಲ್ಲ. ಅದರಲ್ಲಿ ‘ಚ’ ಅರ್ಧವಿರಾಮದ ಕೀಲಿಯಲ್ಲಿದೆ, ‘ಡ’ ಚೌಕ ಆವರಣದ ಕೀಲಿಯಲ್ಲಿದೆ. ಮೂರೇ ಸಾಲುಗಳ ಈ ಕೀಲಿಮಣೆಯಲ್ಲಿ ಅಂಥವಕ್ಕೆ ಸ್ವಂತ ಗುಂಡಿಗಳಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ತಂತ್ರಾಂಶದಿಂದ ನಮಗೆಲ್ಲ ಪರಿಚಿತವಾದ ಕಗಪ ವಿನ್ಯಾಸ ಮಾತ್ರ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಗುಂಡಿಗಳಲ್ಲೇ ಇಡೀ ವರ್ಣಮಾಲೆಯನ್ನು ಹಿಡಿಸಿದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ‘ಕನ್ನಡ’ ಮೂಡುತ್ತದೆ; ಮಹಾಪ್ರಾಣಕ್ಕೆ ಶಿಫ್ಟ್ ಸಾಕು. ಇಷ್ಟು ಚಿಕ್ಕ ಕೀಲಿಮಣೆಯೊಂದು ಬರಬಹುದೆಂದು ಮೊದಲೇ ಊಹಿಸಿ ಮಾಡಿದಂತಿದೆ!

ಎಂ17ಎನ್ ಎಂಬ, ಹಲವು ಭಾಷೆಗಳ ಬರವಣಿಗೆ ವಿಧಾನಗಳ ಸಂಗ್ರಹದಲ್ಲಿ ಕಗಪ ಇದೆ, ಅದನ್ನು ಐಬಸ್ ಎಂಬ ಬರವಣಿಗೆ ತಂತ್ರಾಂಶದ ಮೂಲಕ ಬಳಸಬಹುದು. ಎಕ್ಸ್‌ಕೆಬಿಯಲ್ಲೂ (ಲಿನಕ್ಸಿನ ಪರದೆ ವ್ಯವಸ್ಥೆಯದೇ ಕೀಲಿಮಣೆ ಜೋಡಣೆ) ಅದೇ ಹೆಸರಿನ ವಿನ್ಯಾಸವಿದ್ದು ಅದಕ್ಕೆ ಹೆಚ್ಚುವರಿ ತಂತ್ರಾಂಶ ಬೇಕಿಲ್ಲ. ಆದರೆ ಎಕ್ಸ್‌ಕೆಬಿಗೆ ಹಿಂದಿನ ಅಕ್ಷರ ಯಾವುದೆಂದು ತಿಳಿಯುವುದಿಲ್ಲವಾದ್ದರಿಂದ ‘ಇ’ ಎಂಬ ಸ್ವರಕ್ಕೂ ಗುಡಿಸಿಗೂ ಬೇರೆ ಬೇರೆ ಒತ್ತು ಬೇಕಾಗುತ್ತದೆ. ನುಡಿಯ ರೂಢಿಯಿದ್ದವರಿಗೆ ಇದು ಕಿರಿಕಿರಿ ತರುತ್ತದೆ. ಸ್ವಲ್ಪ ರ‍್ಯಾಮ್ ಹೋದರೂ ಎಂ17ಎನ್ ಮೇಲು.

ಟರ್ಮಿನಲ್ಲಿನಲ್ಲಿ ಕನ್ನಡ ಬರೆಯಲು ಹೋಗಬೇಡಿ. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕವಿರುವುದರಿಂದ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. ಜಿಟಿಕೆ (ಕಿಟಕಿ, ಗುಂಡಿಗಳನ್ನು ಮೂಡಿಸುವ ಲೈಬ್ರರಿ) ಆಧಾರಿತ ಹಗುರ ಎಡಿಟರ್ ಒಂದಕ್ಕೆ ನೋಟೊ ಅಥವಾ ಲೋಹಿತ್ ಫಾಂಟ್ ಕೊಟ್ಟರೆ ಅಕ್ಷರ ಜೋಡಿಸುವ ಲೈಬ್ರರಿಗಳಾದ ಪ್ಯಾಂಗೊ ಮತ್ತು ಹಾರ್ಫ್‌ಬಜ್ ಉಳಿದದ್ದನ್ನು ನೋಡಿಕೊಳ್ಳುತ್ತವೆ. ಮೂರೂವರೆ ಇಂಚಿನಲ್ಲಿ 800×480 ಚುಕ್ಕೆಗಳು ಕಿಕ್ಕಿರಿದಿರುವುದರಿಂದ ಅಕ್ಷರದ ಗಾತ್ರವನ್ನು ಧಾರಾಳವಾಗಿ ಹೆಚ್ಚಿಸಿಕೊಳ್ಳಿ, ಇಲ್ಲವಾದರೆ ರೈಲಿನ ಕುಲುಕಾಟದಲ್ಲಿ ವಟ್ರಸುಳಿ ಕಣ್ಣಿಗೆ ಬೀಳುವುದಿಲ್ಲ.

ಹಳೆಗಣಕ:

ರ‍್ಯಾಮ್ ಬಗ್ಗೆ ಅಂಜಿಕೆ ಬೇಡ. 1999ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಟ್ರಸ್ಟ್ ವಿನ್ಯಾಸಗೊಳಿಸಿದ ಅಂಗೈ ಗಣಕವು ಕೇವಲ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನ ಮೇಲೆ ಲಿನಕ್ಸ್ ಓಡಿಸುತ್ತ, ಭಾರತೀಯ ಭಾಷೆಗಳ ಪಠ್ಯವನ್ನು ಓದಿ ಹೇಳುತ್ತಿತ್ತು. ನಿಮ್ಮದು 600 ಮೆಗಾಹರ್ಟ್ಸ್‌ನದು.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಬೂಟ್‌ಪುರಾಣ ಅವರು ಹೇಳದೆ ಬಿಟ್ಟ ಮಾತೊಂದಿದೆ. ಹೊಸ ಕರ್ನಲ್‌ಗಳು ಮೇಮೊದಷ್ಟು ಮಿತವ್ಯಯಿಗಳಲ್ಲ. 1320 ಎಂಎಎಚ್ ಬೇಗನೆ ಬರಿದಾಗುತ್ತದೆ. ಇದರ ಬಿಎಲ್-5ಜೆ ಬ್ಯಾಟರಿಯೇ ನೋಕಿಯಾ 5233ಕ್ಕೂ ಲೂಮಿಯಾ 520ಕ್ಕೂ ಬರುತ್ತಿದ್ದುದರಿಂದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿ ಇನ್ನೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ.

ತುಂಗಾತೀರ:

ಮೂವರಿಗೂ ಧನ್ಯವಾದಗಳು. ಮುಚ್ಚಳ ತೆಗೆದಿಟ್ಟುಕೊಂಡೇ ಒಂದು ಸಂಜೆಯೆಲ್ಲ ಕಾರ್ಡನ್ನು ದೂರಿದ್ದೆ. ಮುಚ್ಚಿದೊಡನೆ ಪೋಸ್ಟ್‌ಮಾರ್ಕೆಟ್‌ಓಎಸ್ ಎದ್ದಿತು. ಈ ಸಾಲುಗಳನ್ನು ಕಗಪದಲ್ಲಿ ಅದರಲ್ಲೇ ಬರೆದು, ಮನೆಯ ಗಣಕಕ್ಕೆ ಕಳಿಸಿ, ಅಲ್ಲಿಂದ ಇಲ್ಲಿಗೆ ಹಾಕುತ್ತಿದ್ದೇನೆ.