ಐದು ವರ್ಷದ ಮಗುವಿಗೆ ಹಳೆಯ ಕಥೆಗಳು: ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು?

ಹಾಸನದಮ್ಮ:
ಮಗಳಿಗೆ ಐದು ತುಂಬಿದೆ. ರೆಡ್ ರೈಡಿಂಗ್ ಹುಡ್, ಸ್ನೋ ವೈಟ್, ಗೋವಿನ ಹಾಡು ಹೇಳಬೇಕೆಂದಿದ್ದೇನೆ. ಆದರೆ ತೋಳನ ಹೊಟ್ಟೆ ಸೀಳುವುದು, ಹುಲಿ ಪ್ರಾಣ ಬಿಡುವುದು ಈ ವಯಸ್ಸಿಗೆ ಸರಿಯೇ? ಈಗಿನ ಕೆಲವು ಪುಸ್ತಕಗಳಲ್ಲಿ ತೋಳ ಸಾರಿ ಕೇಳಿ ಹೊರಟುಹೋಗುತ್ತದೆ. ಇನ್ನೊಂದು, ಮಲತಾಯಿ ಅಂದರೆ ಕೆಟ್ಟವಳೇ ಅನ್ನುವುದು ಮಗುವಿನ ತಲೆಯಲ್ಲಿ ಕೂರುವುದು ಬೇಡ. ಎಷ್ಟರ ಮಟ್ಟಿಗೆ ಬದಲಾಯಿಸಬಹುದು?

ಕಥೆಗಾರ್ತಿ:
ಮೂಲ ಕೆಡುತ್ತದೆ ಅನ್ನುವ ಸಂಕೋಚ ಮೊದಲು ಬಿಡಿ. 1697ರಲ್ಲಿ ಫ್ರಾನ್ಸಿನ ಲೇಖಕ ಪೆರೋ ಬರೆದ ರೆಡ್ ರೈಡಿಂಗ್ ಹುಡ್ ಕಥೆಯಲ್ಲಿ ತೋಳ ಹುಡುಗಿಯನ್ನು ತಿಂದುಬಿಡುತ್ತದೆ, ಕಥೆ ಅಲ್ಲಿಗೆ ಮುಗಿಯಿತು. ಬೇಟೆಗಾರ ಬಂದು ಕತ್ತರಿಯಿಂದ ಹೊಟ್ಟೆ ಸೀಳಿ ಅಜ್ಜಿಯನ್ನೂ ಮೊಮ್ಮಗಳನ್ನೂ ಹೊರಗೆ ತೆಗೆಯುವುದು ಗ್ರಿಮ್ ಸಹೋದರರ 1812ರ ಪುಸ್ತಕದಲ್ಲಿ. ಅದೇ ಪುಸ್ತಕದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ! 1819ರ ಆವೃತ್ತಿಯಲ್ಲಿ ಅವಳನ್ನು ಮಲತಾಯಿ ಮಾಡಿದರು. ಹಾಗಾಗಿ ನೀವು "ಹೊಟ್ಟೆಕಿಚ್ಚಿನ ರಾಣಿ" ಅಂದರೆ ಸಾಕು, ಕಥೆಗೆ ಏನೂ ಕೊರತೆಯಾಗುವುದಿಲ್ಲ.

ತೋಳನ ವಿಷಯಕ್ಕೆ ಬಂದರೆ, ಸಾರಿ ಕೇಳಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಸಾರಿ ಕೇಳಿ ಹೋದ ತೋಳ ಎಲ್ಲಿಗೆ ಹೋಯಿತು? ಕಾಡಿನಲ್ಲೇ ಇದೆ. ದೀಪ ಆರಿದ ಮೇಲೆ ಮಗು ಯೋಚಿಸುವುದು ಅದನ್ನೇ. ರಕ್ತ, ಕರುಳು ವರ್ಣಿಸಬೇಡಿ, ಆದರೆ ಕೊನೆಯನ್ನು ಖಚಿತವಾಗಿ ಹೇಳಿ: "ಹೊಟ್ಟೆಯೊಳಗೆ ಕಲ್ಲು ತುಂಬಿದರು. ತೋಳ ಏಳಲು ಹೋಗಿ ಕುಸಿದು ಬಿತ್ತು, ಮತ್ತೆ ಏಳಲಿಲ್ಲ." ಇಷ್ಟೇ, ದನಿ ಏರಿಸದೆ.

ಸಾಮಾನ್ಯವಾಗಿ ಎಡವಟ್ಟಾಗುವುದು ಬೇರೆ ಕಡೆ. ತೋಳ ಬಾಗಿಲು ತಟ್ಟುವ ಹೊತ್ತಿಗೆ ಫೋನ್ ಬರುತ್ತದೆ, "ಉಳಿದದ್ದು ನಾಳೆ" ಅಂದುಬಿಡುತ್ತೇವೆ. ಇದನ್ನು ಮಾತ್ರ ಮಾಡಬೇಡಿ. ಐದರ ಮಗುವಿಗೆ ಹತ್ತು ನಿಮಿಷದೊಳಗೆ ಮುಗಿಯುವಷ್ಟೇ ಕಥೆ ಹಿಡಿಯಿರಿ. ಮೊದಲ ಸಲ ಚಿತ್ರ, ವಿಡಿಯೋ ಇಲ್ಲದೆ ಬಾಯಲ್ಲೇ ಹೇಳಿ. ಕೇಳುವ ಮಗು ತನಗೆ ತಡೆಯುವಷ್ಟೇ ದೊಡ್ಡ ತೋಳನನ್ನು ಕಲ್ಪಿಸಿಕೊಳ್ಳುತ್ತದೆ, ಪರದೆಯ ತೋಳ ಹಾಗಲ್ಲ. ಜೊತೆಗೆ ಹೂಂಗುಟ್ಟುವುದನ್ನು ಕಲಿಸಿ. ನಮ್ಮ ಅಜ್ಜಿಯರು ಅದಿಲ್ಲದೆ ಕಥೆ ಮುಂದುವರಿಸುತ್ತಿರಲಿಲ್ಲ. "ಹೂಂ" ನಿಂತಿತೆಂದರೆ ಮಗುವಿಗೆ ನಿದ್ದೆ ಬಂದಿದೆ, ಇಲ್ಲವೇ ಭಯ ಹಿಡಿದಿದೆ. ಭಯವಾದರೆ ವರ್ಣನೆ ಬಿಟ್ಟು ಬೇಟೆಗಾರನನ್ನು ಬೇಗ ಕರೆತನ್ನಿ.

ಒಂದನೇ ಕ್ಲಾಸು:
ಕೊನೆ ಬಿಡಬಾರದು ಅನ್ನುವುದು ತೋಳನ ಕಥೆಗೆ ಸರಿ. ಗೋವಿನ ಹಾಡಿಗೆ ಹೊಂದುವುದಿಲ್ಲ. ತೋಳ ಸತ್ತರೇ ಅಪಾಯ ಮುಗಿಯುವುದು. ಇಲ್ಲಿ ಪುಣ್ಯಕೋಟಿ ಮಾತಿನಂತೆ ಹಿಂತಿರುಗಿದಾಗ ಹುಲಿಯ ಮನಸ್ಸು ಕರಗಿತಲ್ಲ, ಅಪಾಯ ಅಲ್ಲೇ ಮುಗಿದಿದೆ. ಆಮೇಲೆ ಹುಲಿ ತಾನೇ ಪ್ರಾಣ ಬಿಡುವುದನ್ನು ಕೇಳಿದ ಸಣ್ಣ ಮಗು "ತಪ್ಪು ಮಾಡಿದವರು ಸಾಯಬೇಕು" ಅಂದುಕೊಳ್ಳಬಹುದು. ಏಳು ವರ್ಷದವರೆಗೆ "ಹುಲಿ ಅತ್ತಿತು, ಹೋಗು ತಾಯಿ ಎಂದು ಬಿಟ್ಟಿತು" ಎಂಬಲ್ಲಿಗೆ ನಿಲ್ಲಿಸಿದರೆ ಏನೂ ನಷ್ಟವಿಲ್ಲ. ದೊಡ್ಡವರಾದ ಮೇಲೆ ಪೂರ್ತಿ ಹಾಡಿ, "ಹುಲಿಗೆ ಬೇರೆ ದಾರಿ ಇತ್ತಾ?" ಎಂದು ಕೇಳಿ ಸುಮ್ಮನಿರಿ. ಉತ್ತರ ನೀವೇ ಕೊಡಬೇಡಿ.

ಇನ್ನೊಂದು ಮಾತು: ಈ ಹಾಡಿನಲ್ಲಿ ಮಕ್ಕಳು ಅಳುವುದು ಹುಲಿಗಿಂತ ಹೆಚ್ಚಾಗಿ ಕರುವಿಗೆ. ಇನ್ನು ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಅದು ಕೇಳುವ ಜಾಗವಿದೆಯಲ್ಲ, ಅಲ್ಲಿ. ಹೊಸದಾಗಿ ಶಾಲೆಗೆ ಸೇರಿದ ಮಗು, ತಾಯಿ ಆಸ್ಪತ್ರೆಯಲ್ಲಿರುವ ಮಗು ಇದ್ದರೆ ಆ ಭಾಗ ಸದ್ಯಕ್ಕೆ ಬೇಡ. ಕಾಳಿಂಗ ಹಸುಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆಯುವ ಸಾಲುಗಳಿಂದ ಶುರುಮಾಡಿ. ನಾಲ್ಕರ ಮಕ್ಕಳೂ ದನಿಗೂಡಿಸುತ್ತಾರೆ.

ಜಾನಪದ ಓದು:
ಭಯಕ್ಕಿಂತ ನನಗೆ ಹೆಚ್ಚು ಚಿಂತೆಯಾಗುವುದು ಸ್ನೋ ವೈಟ್ ಕಥೆಯ "ಬೆಳ್ಳಗಿದ್ದಳು, ಆದ್ದರಿಂದ ಚೆಲುವೆ" ಅನ್ನುವ ಮಾತು. ದಯವಿಟ್ಟು ಅದನ್ನು ತೆಗೆಯಿರಿ. ಅವಳು ಏನು ಮಾಡಿದಳು ಅನ್ನುವುದರಿಂದ ಪರಿಚಯಿಸಿ.

ನಮ್ಮದೆಂಬ ಕಾರಣಕ್ಕೆ ಎಲ್ಲ ಜನಪದ ಕಥೆಗಳೂ ಮಕ್ಕಳಿಗೆ ಹೊಂದುತ್ತವೆ ಎಂದೂ ತಿಳಿಯಬೇಡಿ. ಎ.ಕೆ. ರಾಮಾನುಜನ್ ಕನ್ನಡದ ಸಿಂಡ್ರೆಲಾ ಎಂದು ಚರ್ಚಿಸಿದ 'ಹಂಚಿ' ಕಥೆಯಲ್ಲಿ ಹೊನ್ನಿನ ಕೂದಲಿನ ಹುಡುಗಿ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಕೊಂಡು ಮನೆ ಬಿಡುವುದು ಅಣ್ಣನೇ ಅವಳನ್ನು ಮದುವೆಯಾಗಬಯಸಿದ್ದರಿಂದ. ಇಂಥವು ದೊಡ್ಡವರೂ ಕೂತು ಕೇಳುತ್ತಿದ್ದ ಕಥೆಗಳು. ಹನ್ನೆರಡು ದಾಟಿದ ಹುಡುಗಿಗೆ ಹೇಳಿ, ಆಗ ಅದರ ಬೆಲೆ ತಿಳಿಯುತ್ತದೆ.

ಹಾಸನದಮ್ಮ:
ಎಲ್ಲರಿಗೂ ಧನ್ಯವಾದ. ಮಲಗುವ ಹೊತ್ತಿಗೆ ತೋಳನ ಕಥೆ ಹೇಳಬಹುದೇ?

ಕಥೆಗಾರ್ತಿ:
ಮೊದಲ ಕೆಲವು ಸಲ ಬೇಡ. ಸಂಜೆ, ಊಟಕ್ಕೆ ಮುಂಚೆ ಹೇಳಿ. ಪ್ರಶ್ನೆ ಕೇಳಲು, ತೋಳನಾಗಿ ಆಡಲು ಸಮಯ ಸಿಗುತ್ತದೆ. ಹಾಸಿಗೆಗೆ ಕಾಗಕ್ಕ ಗುಬ್ಬಕ್ಕನ ಕಥೆ ಸಾಕು: ಮಳೆಗೆ ಸಗಣಿ ಮನೆ ಕರಗುವುದು, ಕಾಗಕ್ಕ ಬಾಗಿಲು ತಟ್ಟುವುದು, ಗುಬ್ಬಕ್ಕ ಒಂದೊಂದು ನೆಪ ಹೇಳುವುದು. ನೆಪಗಳನ್ನು ಮಗುವೇ ಹೇಳಲಿ. ಯಾವ ಕಥೆಯಾದರೂ "ಅವರು ಅಲ್ಲಿ ಸುಖವಾಗಿದ್ದರು, ನಾವು ಇಲ್ಲಿ ಹೀಗಿದ್ದೇವೆ" ಎಂಬ ಹಳೆಯ ಮುಕ್ತಾಯ ಮಾತ್ರ ಬಿಡಬೇಡಿ. ತೋಳ ಅಲ್ಲಿ, ನಾವು ಇಲ್ಲಿ ಅನ್ನುವುದು ಮಗುವಿಗೆ ಅದರಿಂದಲೇ ಖಾತ್ರಿಯಾಗುತ್ತದೆ.