ಲಕಂಡೋನ್ ಕಾಡಿನಲ್ಲಿ ಮಾಯಾ ಜನರೇ ನಡೆಸುವ ವಸತಿ: ಉಳಿದು ಬಂದವರು ಸ್ವಲ್ಪ ಹೇಳಿ

ಕೇಳುತ್ತಿರುವುದು ಹ್ಯೂಸ್ಟನ್‌ನಿಂದ:
ಫೆಬ್ರವರಿಯಲ್ಲಿ ನಾನು, ನಮ್ಮ ಯಜಮಾನರು, ಊರಿಂದ ಬಂದಿರುವ ಅಮ್ಮ ಮೂವರೂ ಮೆಕ್ಸಿಕೋದ ಚಿಯಾಪಾಸ್‌ಗೆ ಹೊರಟಿದ್ದೇವೆ. ಅಮ್ಮನಿಗೆ ಮಂಡಿನೋವು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಪಲೆಂಕೆ ಊರಿನಲ್ಲಿ ಹೋಟೆಲ್ ಹಿಡಿದು ಬೊನಾಂಪಾಕ್, ಯಾಶ್‌ಚಿಲಾನ್ ಎಂಬ ಹಳೆಯ ಮಾಯಾ ಪಾಳುನಗರಗಳೆರಡನ್ನೂ ಒಂದೇ ದಿನದ ಟೂರಿನಲ್ಲಿ ಮುಗಿಸುವುದಾ, ಇಲ್ಲ ಕಾಡಿನೊಳಗೆ ಊರವರ ಕ್ಯಾಬಿನ್‌ನಲ್ಲಿ ಉಳಿಯುವುದಾ?

ಆಸ್ಟಿನ್‌ನಿಂದ:
ಅಕ್ಕಾ, ಉಳಿಯಿರಿ. ಒಂದಲ್ಲ, ಎರಡು ರಾತ್ರಿ. ನಾವು ಮೊದಲ ಸಲ ದಿನದ ಟೂರಿನಲ್ಲೇ ಹೋಗಿದ್ದೆವು. ಬೆಳಕು ಹರಿಯುವ ಮೊದಲೇ ವ್ಯಾನ್ ಹತ್ತಿಸಿದರು, ವಾಪಸ್ ಬಂದಾಗ ರಾತ್ರಿ. ನೋಡಿದ್ದು ಕಡಿಮೆ, ಕೂತದ್ದೇ ಜಾಸ್ತಿ. ದುಡ್ಡಿನ ದೊಡ್ಡ ಪಾಲು ಏಜೆನ್ಸಿಗೆ ಹೋಯಿತು. ಮುಂದಿನ ಸಲ ಲಕಾನ್‌ಹಾ ಚಾನ್ಸಯಾಬ್‌ನಲ್ಲಿ ಉಳಿದೆವು. ಅದು ಲಕಂಡೋನ್ ಎಂಬ ಮಾಯಾ ಜನರ ಹಳ್ಳಿ. ಅವರು ತಮ್ಮನ್ನು ಕರೆದುಕೊಳ್ಳುವುದು ‘ಹಾಚ್ ವಿನಿಕ್’ ಅಂತ, ಅಂದರೆ ನಿಜವಾದ ಜನ. ಪಲೆಂಕೆಯಿಂದ ಎರಡೂವರೆ, ಮೂರು ಗಂಟೆ ದಾರಿ. ಒಂದೊಂದು ಮನೆಯವರದೂ ಒಂದೊಂದು ಜಾಗ, ಮರದ ಕ್ಯಾಬಿನ್, ಸೊಳ್ಳೆ ಪರದೆ, ಪಕ್ಕದಲ್ಲೇ ಹೊಳೆ. ಬೆಳಗಿನ ಜಾವ ಹೌಲರ್ ಮಂಗಗಳು ಕೂಗುತ್ತವೆ. ಮಂಗ ಅಂತ ಗೊತ್ತಿಲ್ಲದಿದ್ದರೆ ಹುಲಿ ಅಂದುಕೊಂಡು ಎದೆ ಒಡೆದುಕೊಳ್ಳಬೇಕು, ಅಷ್ಟು ಜೋರು.

ಎಲ್ಲಕ್ಕೂ ನಗದು ಬೇಕು, ಚಿಲ್ಲರೆ ಪೆಸೊ. ಎಟಿಎಂ ಪಲೆಂಕೆಯಲ್ಲೇ ಮುಗಿಸಿಕೊಳ್ಳಿ. ಒಂದು ಕಡೆ ನಮಗೆ ಫೋನಿನಲ್ಲಿ ಹೇಳಿದ ಬಾಡಿಗೆಯೇ ಬೇರೆ, ಅಲ್ಲಿ ಕೇಳಿದ್ದೇ ಬೇರೆ. ಊಟ, ಗೈಡ್ ಎಲ್ಲ ಸೇರಿ ಎಷ್ಟು ಅಂತ ಮೊದಲೇ ಬಾಯಿಬಿಟ್ಟು ಕೇಳಿ. ಗೈಡ್ ಮಾತ್ರ ಬೇಡ ಅನ್ನಬೇಡಿ. ಯಾವ ಎಲೆ ಮೂಸಿದರೆ ಏನು ವಾಸನೆ, ಯಾವ ಮರ ಸುಟ್ಟರೆ ಧೂಪ, ಅವರು ಹೇಳದೆ ನಮಗೆ ಕಾಡು ಬರೀ ಹಸಿರು, ಅಲ್ವಾ?

ಡಲ್ಲಾಸ್‌ನಿಂದ:
ಊಟದ ಬಗ್ಗೆ ಮಾತ್ರ ಹೇಳುತ್ತೇನೆ, ನಾವೂ ಪಕ್ಕಾ ಸಸ್ಯಾಹಾರಿಗಳು. ಕಾಳಿನ ಪಲ್ಯ ಎಲ್ಲ ಕಡೆ ಸಿಗುತ್ತದೆ, ಆದರೆ ಹಂದಿ ಕೊಬ್ಬಿನಲ್ಲಿ ಬೇಯಿಸುವ ರೂಢಿ ಇದೆ. ‘ಸಿನ್ ಮಾಂತೇಕಾ’ ಅಂತ ಹೇಳಿ, ಕೊಬ್ಬು ಬೇಡ ಅಂತ ಅರ್ಥ. ಬೇಯಿಸುವ ಮುಂಚೆ ಹೇಳಬೇಕು, ತಟ್ಟೆ ಬಂದ ಮೇಲಲ್ಲ. ನಮಗೆ ಟೋರ್ಟಿಯಾ ಜೊತೆ ಸೀಮೆಬದನೆಕಾಯಿ ಕೊಟ್ಟರು. ನಮ್ಮತ್ತೆ ಅದನ್ನು ಬೆಂಗಳೂರಿನ ತರಕಾರಿ ಅಂದುಕೊಂಡಿದ್ದರು. ಅದರ ತವರು ಈ ಕಡೆಯದೇ! ಟೋರ್ಟಿಯಾ ರೊಟ್ಟಿಗೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆಯುತ್ತಾರೆ. ಅಡುಗೆಮನೆಗೆ ಕರೆದರೆ ಹೋಗಿ ನೋಡಿ.

ಸಿಯಾಟಲ್‌ನಿಂದ:
‘ಊರವರು’ ಅಂದರೆ ಯಾರು ಅಂತಲೂ ತಿಳಿದುಕೊಂಡು ಹೋದರೆ ಒಳ್ಳೆಯದು. 1972ರಲ್ಲಿ ಮೆಕ್ಸಿಕೋ ಸರ್ಕಾರ ಈ ಕಾಡಿನ 6 ಲಕ್ಷಕ್ಕೂ ಹೆಚ್ಚು ಹೆಕ್ಟೇರನ್ನು 66 ಲಕಂಡೋನ್ ಕುಟುಂಬಗಳ ಹೆಸರಿಗೆ ಮಾಡಿತು. ಅಲ್ಲೇ ಹೊಲ ಮಾಡಿಕೊಂಡಿದ್ದ ಚೋಲ್, ತ್ಸೆಲ್ತಾಲ್ ಮಾಯಾ ಜನರ ಹೆಸರು ಅದರಲ್ಲಿ ಇರಲಿಲ್ಲ. ಆಮೇಲೆ ಅವರಲ್ಲಿ ಅನೇಕರನ್ನು ಒಟ್ಟುಗೂಡಿಸಿ ಹೊಸ ಊರುಗಳಿಗೆ ಸೇರಿಸಿದರು. ಹಾಗೆ ಹುಟ್ಟಿದ್ದು ಚೋಲರ ಫ್ರೊಂಟೆರಾ ಕೊರೋಸಾಲ್. ಯಾಶ್‌ಚಿಲಾನ್‌ಗೆ ದೋಣಿ ಹತ್ತುವುದು ಅಲ್ಲಿಂದಲೇ, ಉಸುಮಸಿಂಟಾ ನದಿಯಲ್ಲಿ. ಆಚೆ ದಡ ಗ್ವಾಟೆಮಾಲಾ. ಅಲ್ಲಿ ಚೋಲರು ನಡೆಸುವ ‘ಎಸ್ಕುದೊ ಹಗುವಾರ್’ ವಸತಿ ಇದೆ. ದೋಣಿಗೆ ಒಟ್ಟು ಬಾಡಿಗೆ, ಬೇರೆಯವರ ಜೊತೆ ಸೇರಿಕೊಂಡರೆ ಅಗ್ಗ. ನನ್ನ ಲೆಕ್ಕದಲ್ಲಿ ಒಂದು ರಾತ್ರಿ ಲಕಂಡೋನರಲ್ಲಿ, ಒಂದು ರಾತ್ರಿ ಚೋಲರಲ್ಲಿ.

ಇನ್ನೊಬ್ಬರು, ಆಸ್ಟಿನ್‌ನಿಂದಲೇ:
ಎಲ್ಲರೂ ಹೊಗಳುತ್ತಿದ್ದೀರಿ, ಒಂದು ಮಾತು. ಇತ್ತೀಚಿನ ವರ್ಷಗಳಲ್ಲಿ ಆ ಗಡಿ ಭಾಗದಲ್ಲಿ ಗ್ಯಾಂಗುಗಳ ಹೊಡೆದಾಟ ನಡೆದಿದೆ. ಹೊರಡುವ ವಾರ ಉಳಿಯುವ ಮನೆಗೇ ಫೋನ್ ಮಾಡಿ, ರಸ್ತೆ ಹೇಗಿದೆ, ಬೊನಾಂಪಾಕ್, ಯಾಶ್‌ಚಿಲಾನ್ ಎರಡೂ ತೆರೆದಿವೆಯಾ ಕೇಳಿ. ಕತ್ತಲಾದ ಮೇಲೆ ಕಾರು ಓಡಿಸಬೇಡಿ. ಅವರು ಬೇಡ ಅಂದರೆ ಬೇಡ, ಪಲೆಂಕೆಯ ಪಾಳುನಗರ ನೋಡಿಕೊಂಡು ಬನ್ನಿ. ಅಮ್ಮನ ಅಮೆರಿಕ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋ ವೀಸಾ ಬೇಡ.

ಹ್ಯೂಸ್ಟನ್‌ನಿಂದ ಮತ್ತೆ:
ತುಂಬಾ ಥ್ಯಾಂಕ್ಸ್. ಎರಡು ರಾತ್ರಿ ಅಂತ ಮಾಡಿದೆವು. ಬೊನಾಂಪಾಕ್‌ನ ಗೋಡೆಯ ಬಣ್ಣದ ಚಿತ್ರ ನೋಡಲು ಅಮ್ಮ ಎಷ್ಟು ಹತ್ತಬೇಕು?

ಆಸ್ಟಿನ್‌ನಿಂದ:
ಮೆಟ್ಟಿಲು ತುದಿವರೆಗೆ ಹತ್ತುವುದು ಬೇಡ. ಚಿತ್ರಗಳ ಮೂರು ಕೋಣೆ ಕೆಳಗಿನ ಹಂತದಲ್ಲೇ ಇವೆ. ಕೊನೆಯ ದಾರಿಗೆ ಲಕಂಡೋನರ ಗಾಡಿಯೇ ಹತ್ತಬೇಕು, ಹಾಗಾಗಿ ನಡಿಗೆಯೂ ಕಡಿಮೆ. ಒಳಗೆ ಒಮ್ಮೆಗೆ ಕೆಲವರನ್ನಷ್ಟೇ ಬಿಡುತ್ತಾರೆ, ಫ್ಲ್ಯಾಶ್ ಇಲ್ಲ. ಸುಮಾರು 790ನೇ ಇಸವಿಯ ಬಣ್ಣ ಅವು, ಕತ್ತಲಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ನೆ ನಿಂತಿರಿ. ಯಾಶ್‌ಚಿಲಾನ್‌ನಲ್ಲಿ ಮಾತ್ರ ದೊಡ್ಡ ಮೆಟ್ಟಿಲು ಅಮ್ಮನಿಗೆ ಬೇಡ. ಕೆಳಗೆ ಅಂಗಳದಲ್ಲಿ ಮರದ ನೆರಳಿದೆ, ನೀವು ಹತ್ತಿ ಬರುವವರೆಗೆ ಅವರಿಗೆ ಮಂಗಗಳ ಜೊತೆ ಬೇಸರ ಆಗುವುದಿಲ್ಲ.